ಕೀವು ಬೇಡುವ ಅತ್ತೆ

ನಮ್ಮ ಸೋದರತ್ತೆಗೆ ಜಗತ್ತಿನಲ್ಲಿ ಪ್ರೀತಿಯ ವಸ್ತು ಒಂದೇ ಇತ್ತು: ಕೀವು! ಬಂಗಾರವಲ್ಲ, ಇಳಕಲ್ ಸೀರೆಯಲ್ಲ, ಪರರ ಹುಣ್ಣಿನ ಕೀವು. ಹತ್ತಿ ಸುತ್ತಿದ ಕಡ್ಡಿ, ಗಾಜಿನ ನಳಿಕೆ ಎರಡನ್ನೂ ಕೈಚೀಲದಲ್ಲಿಟ್ಟುಕೊಂಡೇ ಆಕೆ ಮದುವೆಗಳಿಗೆ ಬರುತ್ತಿದ್ದಳು. ಸವದತ್ತಿಯ ಒಂದು ಮದುವೆಯಲ್ಲಿ ಬೀಗರೊಬ್ಬರ ಕುತ್ತಿಗೆಯ ಹುಣ್ಣಿಗೆ ಕಟ್ಟಿದ ಪಟ್ಟಿ ಅವಳ ಕಣ್ಣಿಗೆ ಬಿತ್ತು.

“ಮಾವಾರ, ಪಟ್ಟಿ ಬಿಚ್ಚರಿ.”

“ಅಕ್ಷತಿ ಬೀಳೂ ಹೊತ್ತಿನ್ಯಾಗೇನವ್ವಾ?”

“ಅಕ್ಷತಿ ಬಿದ್ದಮ್ಯಾಲ ಊಟಕ್ಕ ಓಡ್ತೀರಿ. ಬಿಚ್ಚರಿ!”

ಆ ಗದ್ದಲದಲ್ಲಿ ತಾಳಿ ಕಟ್ಟಿದ್ದನ್ನು ಯಾರೂ ನೋಡಲಿಲ್ಲ ಎಂದು ಅವ್ವ ಹೇಳುತ್ತಾಳೆ. ಬೀಗರು ಮಂಟಪ ಬಿಟ್ಟು ಓಡಿದರು ಎನ್ನುತ್ತಾನೆ ಕಾಕಾ. ಎರಡೂ ಸುಳ್ಳಿರಬಹುದು. ಮನೆಯವರ ನೆನಪನ್ನು ನಾನು ನಂಬುವುದಿಲ್ಲ, ನನ್ನದನ್ನಂತೂ ಮೊದಲೇ ಇಲ್ಲ. ಆದರೆ ಎಲ್ಲರ ಕತೆಯಲ್ಲೂ ಅತ್ತೆ ಸಿಟ್ಟಿನಲ್ಲೇ ಇದ್ದಾಳೆ, ಅಷ್ಟು ಖರೆ.

ಅದು ತೊಂಬತ್ತರ ದಶಕದ ಕೊನೆ. ಅತ್ತೆ ಕಾಲೇಜೊಂದರಲ್ಲಿ ಕಲಿಸುತ್ತ, ಔಷಧಕ್ಕೆ ಬಗ್ಗದ ರೋಗಾಣುಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಗಾಜಿನ ತಟ್ಟೆಯ ಜೆಲ್ಲಿಯ ಮೇಲೆ ಕೀವು ಸವರಿ, ಔಷಧ ಹೀರಿದ ಕಾಗದದ ಪುಟ್ಟ ಬಿಲ್ಲೆಗಳನ್ನು ಇಡುವುದು. ರೋಗಾಣು ಸತ್ತರೆ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಮೂಡುತ್ತದೆ, ಸಾಯದಿದ್ದರೆ ಇಲ್ಲ. ವರ್ಷವರ್ಷಕ್ಕೆ ಉಂಗುರಗಳು ಸಣ್ಣವಾಗುತ್ತಿದ್ದವು, ಅತ್ತೆಯ ದನಿ ದೊಡ್ಡದಾಗುತ್ತಿತ್ತು. “ಈ ಗುಳಿಗಿ ಅವಕ್ಕ ಮುಕ್ಕಾಕ ಚುನಮರಿ ಆಗೈತಿ, ಚುನಮರಿ!”

ಆಗದೆ ಏನು? ಬೈಲಹೊಂಗಲದ ನಮ್ಮ ಓಣಿಯಲ್ಲಿ ಮೊಸರಿನ ಹೆಪ್ಪು ಕೇಳಿದಂತೆ ಗುಳಿಗೆ ಕೇಳುತ್ತಿದ್ದರು. “ವೈನಿ, ಆ ಕೆಂಪು-ಕರಿ ಗುಳಿಗಿ ಎರಡು ಕೊಡ್ರಿ, ನಮ್ಮ ಹುಡುಗಗ ನೆಗಡಿ ಆಗೈತಿ.” ಅವ್ವ ಜೀರಿಗೆ ಡಬ್ಬಿಯಿಂದ ತೆಗೆದು ಕೊಡುತ್ತಿದ್ದಳು. ನೆಗಡಿಗೆ! ಡಾಕ್ಟರು ಎಲ್ಲ ರೋಗಕ್ಕೂ ಅದನ್ನೇ ಬರೆಯುವುದು, ಅಂಗಡಿಯವನು ಚೀಟಿ ಕೇಳದೆ ಮಾರುವುದು, ನಾವು ಅರ್ಧ ನುಂಗಿ ಅರ್ಧ ಎತ್ತಿಡುವುದು. ಇಷ್ಟು ಒಗ್ಗಟ್ಟಿನ ಸಹಕಾರಿ ಸಂಘ ತಾಲೂಕಿನಲ್ಲಿ ಇನ್ನೊಂದಿರಲಿಲ್ಲ! ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ಸಂಘದ ಚೇರಮನ್ನನೇ ನಮ್ಮ ಅಪ್ಪ. ಹತ್ತಿ ವ್ಯಾಪಾರ, ಸಕ್ಕರೆ ಕಾಯಿಲೆ. ಕಾಲಿನ ಗಾಯದ ಮೇಲೆ ಗುಳಿಗೆ ಬಿಚ್ಚಿ, ಒಳಗಿನ ಪುಡಿಯನ್ನು ಶೇಂಗಾ ಚಟ್ನಿಯಂತೆ ಉದುರಿಸಿಕೊಳ್ಳುತ್ತಿದ್ದ.

“ಅಣ್ಣಾ, ಡಾಕ್ಟರು ಬರದಷ್ಟೂ ನುಂಗು!” ಎಂದು ಅತ್ತೆ ಚೀರುತ್ತಿದ್ದಳು.

“ನೋವು ಇಳದೈತಿ. ಇನ್ನ ಯಾಕ ಹಾಳ ಮಾಡ್ಲಿ?”

“ಗಟ್ಟಿ ಇದ್ದ ರೋಗಾಣು ಒಳಗ ಉಳಕೊಂಡಾವು. ಅವಕ್ಕ ಸಾಲಿ ಕಲಸಾಕತ್ತಿ ನೀ!”

“ಕಲೀಲಿ ಬಿಡು. ನೀ ಹೆಂಗೂ ಕಾಲೇಜಿನ್ಯಾಗ ಅದಿ, ಅವಕ್ಕೊಂದು ಡಿಗ್ರಿ ಕೊಡಸು.”

ಅತ್ತೆ ಡಬ್ಬಿಯನ್ನೇ ಎತ್ತಿಕೊಂಡು ಹೋದಳು, ಜೀರಿಗೆ ಸಮೇತ. ಸ್ವಲ್ಪ ದಿನಕ್ಕೇ ಹೊಸ ಡಬ್ಬಿ ತುಂಬಿತ್ತು.

ಆ ಮಳೆಗಾಲದಲ್ಲಿ ಅಪ್ಪನ ಕಾಲು ಬಾತು ನಾರತೊಡಗಿತು. ಈ ಸಲ ಅವನೇ ಕಾಲು ಚಾಚಿದ: “ತಗೋ, ನಿನ್ನ ಪ್ರಸಾದ.” ಅತ್ತೆ ನಗದೆ ಕಡ್ಡಿಯಿಂದ ಕೀವು ತೆಗೆದುಕೊಂಡಳು. ಒಂದೆರಡು ದಿನದ ಮೇಲೆ ಕಾಲೇಜಿನಲ್ಲಿ ಅವಳು ನನಗೆ ಆ ತಟ್ಟೆ ತೋರಿಸಿದಳು. ಬಿಲ್ಲೆಗಳ ಅಂಚಿನವರೆಗೂ ರೋಗಾಣು ದಟ್ಟವಾಗಿ ಬೆಳೆದಿತ್ತು. ನಮ್ಮ ಡಬ್ಬಿ ಕಂಡಿದ್ದ ಯಾವ ಔಷಧಕ್ಕೂ ಉಂಗುರವಿಲ್ಲ. ಒಂದೇ ಒಂದು ಬೇರೆ ಬಿಲ್ಲೆಯ ಸುತ್ತ ಕೂದಲೆಳೆಯಷ್ಟು ತಿಳಿ. ದವಾಖಾನೆಯಲ್ಲಿ ಆ ಔಷಧವನ್ನೇ ಸಲಾಯಿನ್ ಜೊತೆ ಏರಿಸಿದರು. ಜೀವ ಉಳಿಯಿತು. ಪಾದ ಉಳಿಯಲಿಲ್ಲ.

ಪಾದ ತೆಗೆದ ಮರುದಿನ ಅತ್ತೆ ಬಂದಳು. ಬೈಗುಳಕ್ಕೆ ನಾವೆಲ್ಲ ಸಜ್ಜಾಗಿದ್ದೆವು. ನನಗಂತೂ ಅವು ಬೇಕಾಗಿದ್ದವು. ಅವಳು ಮಂಚದ ತುದಿಗೆ ಕೂತು, ಉಳಿದ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದೇ ಬೆರಳಿನ ಸಂದು ಒರೆಸಿ ನೋಡತೊಡಗಿದಳು.

ಅಪ್ಪನಿಗೆ ತಡೆಯಲಾಗಲಿಲ್ಲ. “ಬೈ ಯವ್ವಾ. ನೀ ಸುಮ್ಮ ಕುಂತ್ರ ನನಗ ಅಂಜಿಕಿ ಬರತೈತಿ.”

ಅತ್ತೆ ಆ ಪಾದದ ಕಿರುಬೆರಳನ್ನು ಹಿಡಿದುಕೊಂಡು ಕೂತೇಬಿಟ್ಟಳು.