ಮೊಹರು ಹಾಕಿದ ಕೋಲು

ಕೋಲನ್ನು ಒರೆಸಲು ಹೋಗಿದ್ದೇ ತಪ್ಪಾಯಿತು. ಸುಮ್ಮನಿದ್ದಿದ್ದರೆ ಆ ದಿನವೂ ಉಳಿದ ದಿನಗಳ ಹಾಗೆ ಎಣ್ಣೆ ವಾಸನೆಯಲ್ಲಿ ಹುಟ್ಟಿ ಎಣ್ಣೆ ವಾಸನೆಯಲ್ಲೇ ಮುಗಿಯುತ್ತಿತ್ತು. ಲೀಟರಣ್ಣನೂ ಮಧ್ಯಾಹ್ನ ಅರ್ಧ ಗಂಟೆ ಕಾಲು ಚಾಚಿ ಮಲಗಿ ಏಳುತ್ತಿದ್ದ.

ಬೀದಿಯ ಕೊನೆಯಲ್ಲಿರುವ ತಗಡಿನ ಶೆಡ್ಡು ಲೀಟರಣ್ಣನದು. ಹೋಟೆಲುಗಳಲ್ಲಿ ಕರಿದು ಕರಿದು ಕಪ್ಪಾದ ಎಣ್ಣೆಯನ್ನು ಕ್ಯಾನುಗಳಲ್ಲಿ ಹೊತ್ತು ತಂದು, ಸೋಸಿ, ಕಾಯಿಸಿ, ರಾಸಾಯನಿಕ ಬೆರೆಸಿ, ನೀರಿನಲ್ಲಿ ತೊಳೆದು, ಲಾರಿಗಳು ಕುಡಿಯುವ ಬಯೋಡೀಸೆಲ್ ಮಾಡುವುದು ಅವನ ಕಸುಬು. ಹಿಂದೆ ದುಡಿಯುತ್ತಿದ್ದ ಸೋಪಿನ ಕಾರ್ಖಾನೆ ಬಾಗಿಲು ಹಾಕಿದ ಮೇಲೆ, ಕೈಕಟ್ಟಿ ಕೂರುವ ಜಾಯಮಾನ ತನ್ನದಲ್ಲ ಎಂದು ಶುರು ಮಾಡಿದ್ದು. ಎಲ್ಲವನ್ನೂ ಅಳೆದು ಹೇಳುವ ಚಟ ಕಾರ್ಖಾನೆಯ ಕಾಲದಿಂದಲೇ ಇತ್ತು. ಹೆಂಡತಿಗೆ ಅರ್ಧ ಲೋಟ ಟೀ ಕೊಡು ಎಂದವನಲ್ಲ, ನೂರು ಮಿಲಿ ಕೊಡು ಎನ್ನುತ್ತಿದ್ದ. ಹೆಸರು ಹಾಗೆ ಅಂಟಿಕೊಂಡಿತು.

ಬಯೋಡೀಸೆಲ್ ಮಾಡುವವರೆಲ್ಲ ತಿಂಗಳ ಕೊನೆಗೆ ಸರ್ಕಾರಕ್ಕೊಂದು ಫಾರಂ ತುಂಬಿ ಕಳಿಸಬೇಕು. ಈ ತಿಂಗಳು ಎಷ್ಟು ಲೀಟರ್ ತಯಾರಾಯಿತು, ಎಷ್ಟು ಹೊರಗೆ ಹೋಯಿತು, ಟ್ಯಾಂಕಿನಲ್ಲಿ ಎಷ್ಟು ಉಳಿಯಿತು, ಇಷ್ಟೇ. ಬೇರೆಯವರು ಅದನ್ನು ಬಸ್ಸಿಗೆ ಕಾಯುತ್ತಾ ಮಂಡಿಯ ಮೇಲಿಟ್ಟುಕೊಂಡು ಬಾಯಿಗೆ ಬಂದ ಅಂಕಿ ಗೀಚಿ ಕಳಿಸುತ್ತಿದ್ದರು. ಲೀಟರಣ್ಣ ಮಾತ್ರ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ತುಂಬುತ್ತಿದ್ದ. ಆರು ವರ್ಷದಲ್ಲಿ ಒಂದು ದಿನ ತಡವಾಗಿರಲಿಲ್ಲ, ಒಂದು ಅಂಕಿ ಹೊಡೆದುಹಾಕಿ ಬರೆದಿರಲಿಲ್ಲ. ಹೋದ ವರ್ಷ, ಒಂದೇ ತಿಂಗಳಲ್ಲಿ ನಾನೂರು ಲೀಟರ್ ಹೆಚ್ಚಿಗೆ ತಯಾರಿಸಿದ್ದಕ್ಕೆ ಇಲಾಖೆಯಿಂದ ಮೆಚ್ಚುಗೆಯ ಪತ್ರವೇ ಬಂದಿತ್ತು. ಅದಕ್ಕೆ ಕಟ್ಟು ಹಾಕಿಸಿ ಶೆಡ್ಡಿನ ಬಾಗಿಲೆದುರು ನೇತುಹಾಕಿದ್ದ. ಆ ತಿಂಗಳು ತಾನು ಅಷ್ಟೇನು ಹೆಚ್ಚಿಗೆ ದುಡಿದೆ ಎಂದು ಅವನಿಗೂ ನೆನಪಿರಲಿಲ್ಲ. ಆದರೆ ಹೊಗಳಿದವರನ್ನು ಯಾಕೆ ಅಂತ ಕೇಳುವವರು ಯಾರು?

ಈಗ ಇನ್ನೊಂದು ಪತ್ರ ಬಂದಿತ್ತು. ಇಂದು ಮೂರು ಗಂಟೆಗೆ ಇಲಾಖೆಯ ಮೇಡಂ ಒಬ್ಬರು ಬಂದು, ಫಾರಂನಲ್ಲಿ ಬರೆದದ್ದಕ್ಕೂ ಟ್ಯಾಂಕಿನಲ್ಲಿ ಇರುವುದಕ್ಕೂ ತಾಳೆ ಹಾಕುತ್ತಾರೆ. ಐವತ್ತು ಲೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ, ಮೇಲಾಗಲಿ ಕೆಳಗಾಗಲಿ, ನೋಂದಣಿ ರದ್ದು. ನೋಂದಣಿ ಹೋದರೆ ಶೆಡ್ಡಿಗೆ ಬೀಗ. ಬೀದಿಯ ಟೈಲರು ಪತ್ರ ಓದಿ ಅಯ್ಯೋ ಪಾಪ ಅಂದರೆ ಲೀಟರಣ್ಣ ನಕ್ಕುಬಿಟ್ಟಿದ್ದ. ಎರಡು ದಿನದ ಹಿಂದೆ ತಾನೇ ಕೋಲು ಇಳಿಸಿ ನೋಡಿ ಸಾವಿರ ಲೀಟರ್ ಎಂದು ಬರೆದು ಕಳಿಸಿದ್ದ. ಆಮೇಲೆ ಒಂದು ಹನಿ ಒಳಗೆ ಬಂದಿರಲಿಲ್ಲ, ಒಂದು ಹನಿ ಹೊರಗೆ ಹೋಗಿರಲಿಲ್ಲ.

ಆ ಕೋಲಿನ ವಿಷಯ ಹೇಳಬೇಕು. ಅದು ಟ್ಯಾಂಕಿನ ತಳ ಮುಟ್ಟುವಷ್ಟು ಉದ್ದದ ಮರದ ಅಳತೆಗೋಲು. ಐವತ್ತೈವತ್ತು ಲೀಟರಿಗೆ ಒಂದೊಂದು ಗೆರೆ, ಪಕ್ಕದಲ್ಲಿ ಅಂಕಿ. ಮೇಲ್ತುದಿಯಲ್ಲಿ ಸರ್ಕಾರದ ಮೊಹರಿನ ಹಿತ್ತಾಳೆ ತಗಡು. ಇಳಿಸಿ ಎತ್ತಿದರೆ ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅಷ್ಟು ಲೀಟರ್. ಮೇಡಂ ಬಂದಾಗ ಕೋಲು ಲಕ್ಷಣವಾಗಿ ಕಾಣಲಿ ಎಂದು ಬೆಳಿಗ್ಗೆ ಸೀಮೆಎಣ್ಣೆ ಬಟ್ಟೆಯಲ್ಲಿ ತಿಕ್ಕತೊಡಗಿದ. ವರ್ಷಗಳ ಜಿಡ್ಡು ಬಿಟ್ಟುಕೊಂಡು ಅಂಕಿಗಳು ಒಂದೊಂದಾಗಿ ಕಂಡವು. ಎರಡು ಸಾವಿರ, ಸಾವಿರದೈನೂರು, ಸಾವಿರ, ಐನೂರು, ನಾನೂರೈವತ್ತು. ಅದರ ಕೆಳಗೆ ಎರಡು ಬೆರಳಷ್ಟು ಮರ. ಅದರ ಕೆಳಗೆ ಏನೂ ಇಲ್ಲ, ಕೋಲು ಅಲ್ಲಿಗೇ ಮುಗಿದಿತ್ತು.

ಲೀಟರಣ್ಣ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದ. ಟ್ಯಾಂಕು ಎಂದೂ ಅಷ್ಟು ಖಾಲಿಯಾಗದ್ದರಿಂದ ಜಿಡ್ಡು ಮುಚ್ಚಿದ ಆ ತುದಿಯ ಅಂಕಿಗಳನ್ನು ಯಾರೂ ಗಮನಿಸಿರಲಿಲ್ಲ. ಶೆಡ್ಡಿನಲ್ಲಿ ಅವನನ್ನು ಬಿಟ್ಟರೆ ಕೋಲು ಮುಟ್ಟುವವನು ಒಬ್ಬನೇ, ಹೆಂಡತಿಯ ತಮ್ಮ. ನಲವತ್ತು ದಾಟಿದ ಈ ಭಾಮೈದ ಹೇಳಿದ ಕೆಲಸ ಮರೆಯುತ್ತಿದ್ದ, ಹೇಳದ ಕೆಲಸ ತಪ್ಪದೆ ಮಾಡುತ್ತಿದ್ದ. ಲೀಟರಣ್ಣ ಅವನನ್ನು ಕರೆದು ಕೋಲು ತೋರಿಸಿದ.

"ಓ ಅದಾ," ಎಂದ ಭಾಮೈದ. "ಎತ್ತೋವಾಗ ಸೂರಿನ ತೊಲೆಗೆ ತಗಲ್ತಿತ್ತು ಭಾವ. ಹೋದ ವರ್ಷ ನಾನೇ ಒಂದು ಗೇಣು ಕುಯ್ದೆ. ಈಗ ನೋಡಿ, ಎಷ್ಟು ಸಲೀಸಾಗಿ ಬರುತ್ತೆ."

"ಕುಯ್ಯೋದೇ ಆದ್ರೆ ಮೇಲ್ಗಡೆ ಕುಯ್ಯಬಾರ್ದಿತ್ತೇನಯ್ಯಾ? ಬುದ್ಧಿ ಇರೋ ಯಾವನಾದ್ರೂ ಕೆಳಗಡೆ ಕುಯ್ತಾನಾ?"

"ಮೇಲ್ಗಡೆ ಸರ್ಕಾರದ ಮೊಹರಿತ್ತಲ್ಲ ಭಾವ. ಸರ್ಕಾರದ್ದನ್ನ ಕುಯ್ಯೋದು ತಪ್ಪಲ್ವಾ?"

ಲೀಟರಣ್ಣ ಕೋಲನ್ನು ಗೋಡೆಗೆ ಒರಗಿಸಿದ. ಖಾಲಿ ಕ್ಯಾನಿನ ಮೇಲೆ ಕುಸಿದು ಲೆಕ್ಕ ಹಾಕಿದ. ಕೋಲಿನ ಬುಡ ಒಂದು ಗೇಣು ಹೋಯಿತೆಂದರೆ, ಅದು ತೋರಿಸುವ ಪ್ರತಿ ಅಂಕಿಯಲ್ಲೂ ನಾನೂರು ಲೀಟರ್ ಸುಳ್ಳು. ಸಾವಿರ ಎಂದು ಬರೆದಿದ್ದ ಟ್ಯಾಂಕಿನಲ್ಲಿ ಇದ್ದದ್ದು ಆರುನೂರು. ಹಾಗೆ ಲೆಕ್ಕ ಹಾಕುತ್ತಾ ಕಣ್ಣು ಕಟ್ಟು ಹಾಕಿಸಿದ ಪತ್ರದ ಮೇಲೆ ಬಿತ್ತು. ಆ ಹೆಚ್ಚಿನ ನಾನೂರು ಲೀಟರ್ ಬಂದದ್ದು ಟ್ಯಾಂಕಿನಿಂದಲ್ಲ, ಭಾಮೈದನ ಗರಗಸದಿಂದ. ಒಂದು ವರ್ಷದಿಂದ ದಿನಾ ಬೆಳಿಗ್ಗೆ ಆ ಪತ್ರದ ಧೂಳು ಒರೆಸುತ್ತಿದ್ದನಲ್ಲ ಎಂದು ನೆನೆದು ಅವನಿಗೆ ನಾಚಿಕೆಯಾಯಿತು.

ಹೆಂಡತಿ ಎಲ್ಲ ಕೇಳಿಸಿಕೊಂಡು, ಒಂದೇ ಮಾತು ಹೇಳಿದಳು. "ಮೇಡಂ ಬಂದ ಕೂಡ್ಲೇ ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಡಿ ರೀ. ತಪ್ಪು ಕೋಲಿಂದು, ನಿಮ್ಮದಲ್ಲ."

ಅವನಿಗೂ ಅದೇ ಸರಿ ಅನ್ನಿಸಿತು. ಹೇಳಬೇಕೆಂದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಟೈಲರು ಬಂದ. ಕೊರಳಲ್ಲಿ ಟೇಪು ನೇತಾಡುವುದು ಎಷ್ಟು ಖಂಡಿತವೋ, ಅವರಿವರ ಮನೆಯ ಸಂಕಟದಲ್ಲಿ ಅವನು ಮೂಗು ತೂರಿಸುವುದೂ ಅಷ್ಟೇ ಖಂಡಿತ. ವರ್ಷಕ್ಕೆ ಹನ್ನೆರಡು ಫಾರಂ, ಹನ್ನೆರಡೂ ಸುಳ್ಳು ಅಂತ ನೀವೇ ಬಾಯಿ ಬಿಟ್ಟು ಹೇಳಿದರೆ ಬೀಗ ಅವರೇ ತರಬೇಕಾಗಿಲ್ಲ, ನೀವೇ ಕೊಟ್ಟ ಹಾಗಾಗುತ್ತದೆ ಎಂದ. ಮೇಡಂ ಟೇಪು ತಂದು ಅಳೆಯುತ್ತಾರೆ, ಅಳೆಯುವವರು ಯಾರಾದರೂ ಟೇಪಿಲ್ಲದೆ ಬರುತ್ತಾರಾ ಎಂದ. ಆ ಟೇಪಿಗೆ ನಿಜವಾದ ಸಾವಿರ ಲೀಟರ್ ಕಂಡರೆ ಸಾಕು, ಕೋಲಿನ ಸುದ್ದಿ ಯಾಕೆ ಎತ್ತಬೇಕು ಎಂದೂ ಕೇಳಿದ.

ಮಧ್ಯಾಹ್ನದೊಳಗೆ ನಾನೂರು ಲೀಟರ್ ಎಲ್ಲಿಂದ ತರುವುದು? ಲೀಟರಣ್ಣ ಅಂದುಕೊಂಡದ್ದನ್ನು ಭಾಮೈದ ಬಾಯಿ ಬಿಟ್ಟು ಆಡಿದ, ನೀರು ಹಾಕೋಣ ಅಂತ.

ಬೈಯಲು ಬಾಯಿ ತೆರೆದ ಲೀಟರಣ್ಣ ಹಾಗೇ ಮುಚ್ಚಿದ. ಕಸುಬು ಬಲ್ಲವನಿಗೆ ಇದೇ ಕಷ್ಟ, ತಪ್ಪು ದಾರಿಯೂ ಚೆನ್ನಾಗಿ ಗೊತ್ತಿರುತ್ತದೆ. ನೀರು ಬಯೋಡೀಸೆಲ್‌ಗಿಂತ ಭಾರ, ತಳದಲ್ಲಿ ಕೂರುತ್ತದೆ. ಮೇಡಂ ಹೋದ ಮೇಲೆ ಕೆಳಗಿನ ನಲ್ಲಿ ತಿರುಗಿಸಿದರೆ ಬಂದಂತೆಯೇ ಹೋಗುತ್ತದೆ. ಹೇಗೂ ಪ್ರತಿ ಸಲ ನೀರಿನಲ್ಲಿ ತೊಳೆಯುವ ಮಾಲು ತಾನೇ? ಆರು ವರ್ಷ ಸಾಕಿಕೊಂಡು ಬಂದ ಪ್ರಾಮಾಣಿಕತೆಗೆ ಅವನು ಒಂದು ಮಧ್ಯಾಹ್ನದ ಮಟ್ಟಿಗೆ ರಜೆ ಕೊಟ್ಟ. ಹೆಂಡತಿ ಅವನ ಮುಖ ನೋಡಿ ಒಳಗೆ ಹೋದಳು.

ಬೀದಿಯ ನಲ್ಲಿಯಲ್ಲಿ ನೀರು ನಿಂತುಹೋಗಿತ್ತು. ಟೈಲರು ಉದಾರವಾಗಿ ತನ್ನ ಮನೆಯ ತೊಟ್ಟಿ ತೋರಿಸಿದ, ತನ್ನ ಹೆಂಡತಿ ಬಟ್ಟೆ ಒಗೆಯಲು ತುಂಬಿಸಿಟ್ಟದ್ದೆಂದು ಮಾತ್ರ ಹೇಳಲಿಲ್ಲ. ಇಪ್ಪತ್ತು ಲೀಟರಿನ ಕ್ಯಾನು, ಇಪ್ಪತ್ತು ಸಲ. ಮೇಲಿಂದ ಸುರಿದರೆ ಎರಡೂ ಕಲಸಿಹೋಗುತ್ತವೆಂದು ಲೀಟರಣ್ಣ ಪೈಪನ್ನು ತಳದವರೆಗೆ ಇಳಿಸಿ, ಮೇಲೆ ಆಲಿಕೆ ಸಿಕ್ಕಿಸಿ, ಮಗುವಿಗೆ ಔಷಧಿ ಕುಡಿಸುವವನಂತೆ ನಿಧಾನವಾಗಿ ಹೊಯ್ದ. ಹನ್ನೊಂದನೇ ಕ್ಯಾನಿಗೆ ಭಾಮೈದ ಕಾಲು ಜಾರಿ ತಾನೇ ಸ್ನಾನ ಮಾಡಿದ. ಆ ಕ್ಯಾನು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಟೈಲರಿಗೂ ಅವನಿಗೂ ಕಾಲು ಗಂಟೆ ವಾದವಾಯಿತು. ಕೊನೆಗೆ ಟೈಲರು ಟ್ಯಾಂಕಿಗೆ ತನ್ನ ಟೇಪನ್ನೇ ಇಳಿಸಿ ನೋಡಿ, ಒಂದು ಗೇಣು ಏರಿದೆ, ಹೊಲಿದಿಟ್ಟ ಹಾಗೆ ಸಾವಿರ ಎಂದು ತೀರ್ಪು ಕೊಟ್ಟ.

ಮೂರಕ್ಕೆ ಐದು ನಿಮಿಷವಿರುವಾಗ ಜೀಪು ನಿಂತಿತು. ಇಳಿದ ಅಧಿಕಾರಿಣಿಗೆ ಲೀಟರಣ್ಣನಷ್ಟೇ ವಯಸ್ಸು. ಬೆಳಿಗ್ಗೆಯಿಂದ ಊರೂರು ಸುತ್ತಿ ದಣಿದ ಮುಖ. ಟೀ ಬೇಡವೆಂದು, ಕಡತ ತೆರೆದು, ಮೊದಲು ಟ್ಯಾಂಕು ತೋರಿಸಿ ಎಂದರು.

"ಟೇಪು ತಂದಿದೀರಲ್ಲ ಮೇಡಂ?" ಎಂದ ಟೈಲರು, ಯಾರೂ ಕೇಳದೆ.

"ಟೇಪು ಯಾಕೆ? ಮೊಹರಿನ ಕೋಲು ಇದೆಯಲ್ಲ," ಎಂದರು ಅವರು. "ನಿಯಮದ ಪ್ರಕಾರ ಅದರಲ್ಲೇ ಅಳೀಬೇಕು. ಇಳಿಸಿ."

ಲೀಟರಣ್ಣನಿಗೆ ಆಗ ಅರ್ಥವಾಯಿತು. ಬೆಳಿಗ್ಗೆ ಇದೇ ಕೋಲು ಇದೇ ಟ್ಯಾಂಕಿನಲ್ಲಿ ಸಾವಿರ ತೋರಿಸುತ್ತಿತ್ತು. ಫಾರಂನಲ್ಲೂ ಸಾವಿರ ಇತ್ತು. ಕೋಲು, ಫಾರಂ ಎರಡೂ ಒಂದೇ ಸುಳ್ಳನ್ನು ಒಟ್ಟಾಗಿ, ಚೂರೂ ತಪ್ಪದೆ ಹೇಳುತ್ತಿದ್ದವು. ಅವನು ಕೈಕಾಲು ಆಡಿಸದೆ ಮಲಗಿದ್ದರೆ ಸಾಕಿತ್ತು. ಕೋಲು ಇಳಿಸಿದ, ಎತ್ತಿದ. ಸಾವಿರದ ನಾನೂರು.

ಮೇಡಂ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. ನಾನೂರು ಲೀಟರ್ ಸರ್ಕಾರಕ್ಕೆ ಹೇಳದೆ ತಯಾರಿಸಿ ಇಟ್ಟಿದ್ದೀರಾ ಎಂದು ಕೇಳಿದರು. ದನಿ ಏರಲಿಲ್ಲ. ಪೆನ್ನಿನ ಮುಚ್ಚಳ ತೆಗೆದರು, ಅಷ್ಟೇ. ಲೀಟರಣ್ಣ ಬಾಗಿಲ ಕಡೆ ನೋಡಿದ. ಹೆಂಡತಿ ಅಲ್ಲಿ ನಿಂತಿದ್ದಳು.

"ಅದು ನೀರು ಮೇಡಂ," ಎಂದ.

ಹೇಳಿದ್ದು ನಿಜವೇ, ಆದರೆ ಅರ್ಧ. ತೊಳೆದ ನೀರು ತಳದಲ್ಲಿ ನಿಂತಿದೆ, ಬಿಡುವುದು ಮರೆತಿದ್ದೆ ಎಂದ. ಉಳಿದರ್ಧವನ್ನು ಬಿಟ್ಟುಬಿಟ್ಟ. ಹಾಗಾದರೆ ಈಗಲೇ ಬಿಡಿ, ಕಾಯುತ್ತೇನೆ ಎಂದು ಮೇಡಂ ಕ್ಯಾನಿನ ಮೇಲೆ ಕೂತರು. ನಲ್ಲಿ ತಿರುಗಿಸಿದ್ದಾಯಿತು. ತೊಟ್ಟಿ ಖಾಲಿ ಕಂಡು ಹುಡುಕಿಕೊಂಡು ಬಂದ ಟೈಲರನ ಹೆಂಡತಿ, ತನ್ನ ಬಟ್ಟೆ ಒಗೆಯುವ ನೀರು ಕಾಲುವೆ ಹಿಡಿದು ಹೋಗುವುದನ್ನು ನೋಡುತ್ತಾ ಗಂಡನ ಪಕ್ಕ ನಿಂತಳು. ಟೈಲರು ಕೊರಳಿನ ಟೇಪು ತೆಗೆದು ಜೇಬಿಗೆ ಹಾಕಿಕೊಂಡ. ಕೊನೆಗೆ ನಲ್ಲಿಯಲ್ಲಿ ಬಯೋಡೀಸೆಲ್ಲಿನ ಹಳದಿ ಬಣ್ಣ ಕಂಡಿತು. ನಿಲ್ಲಿಸಿ ಕೋಲು ಇಳಿಸಿದರು. ಸಾವಿರ.

ಮೇಡಂ ಮುಖದಲ್ಲಿ ಆ ದಿನ ಮೊದಲ ಸಲ ನಗು ಬಂತು. ತಾಳೆಯಾಗಿದೆ ಎಂದು ಬರೆದು ಸಹಿ ಹಾಕಿದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸಂತೆ. ಲೀಟರಣ್ಣನಿಗೆ ಹೋದ ಜೀವ ಬಂದಿತು.

"ಹನ್ನೊಂದು ಕಡೆ ನೋಡಿ ಬಂದೆ," ಎಂದರು ಮೇಡಂ. "ಒಂದರಲ್ಲೂ ಫಾರಂಗೂ ಟ್ಯಾಂಕಿಗೂ ಹೊಂದ್ಲಿಲ್ಲ. ನಿಮ್ಮದೊಂದೇ. ಈ ಕೆಲಸ ಬಿಟ್ಟುಬಿಡೋಣ ಅನ್ನಿಸಿತ್ತು ನನಗೆ. ನಿಮ್ಮಂಥ ಪ್ರಾಮಾಣಿಕರು ಒಬ್ಬರಾದರೂ ಸಿಕ್ಕಿದ್ರಲ್ಲ."

ಉಳಿದರ್ಧವನ್ನು ಈಗ ಹೇಳಿಬಿಡಬೇಕೆಂದು ಲೀಟರಣ್ಣನಿಗೆ ನಿಜವಾಗಿಯೂ ಅನ್ನಿಸಿತು. ಆದರೆ ಆ ಮುಖದ ನಗುವನ್ನು ಅಳಿಸುವುದು ಹೇಗೆ? ಅವನು ತಡವರಿಸುತ್ತಿರುವಾಗಲೇ ಮೇಡಂ ಸ್ಕ್ರೂಡ್ರೈವರಿನಿಂದ ಹಳೆಯ ಕೋಲಿನ ಹಿತ್ತಾಳೆ ತಗಡು ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. ಜೀಪಿನಿಂದ ಇನ್ನೊಂದು ಕೋಲು ತರಿಸಿದರು. ಹೊಚ್ಚ ಹೊಸದು, ಬಿಳಿ ಬಣ್ಣ, ಸೊನ್ನೆಯಿಂದ ಎರಡು ಸಾವಿರದವರೆಗೆ ಮುತ್ತಿನಂಥ ಅಂಕಿಗಳು, ಮೇಲ್ತುದಿಯಲ್ಲಿ ಮೊಹರು. ಎಲ್ಲರ ಕೋಲುಗಳ ಮೇಲೂ ಇಲಾಖೆಗೆ ಸಂಶಯ ಬಂದಿದೆ, ಹಾಗಾಗಿ ಎಲ್ಲರಿಗೂ ಹೊಸದು ಎಂದರು. ಇಂದಿನ ಸಾವಿರವೇ ಮುಂದಿನ ತಿಂಗಳ ಆರಂಭದ ದಾಸ್ತಾನು. ತಿಂಗಳ ಕೊನೆಗೆ ತಾವೇ ಬಂದು ಈ ಕೋಲಿನಲ್ಲಿ ಅಳೆಯುತ್ತಾರೆ. ಹಳೆಯದನ್ನು ಒಲೆಗೆ ಹಾಕಬಹುದು. ಇಷ್ಟು ಹೇಳಿ ಕೈಮುಗಿದು ಜೀಪು ಹತ್ತಿದರು.

ಲೀಟರಣ್ಣ ಜೀಪಿನ ಹಿಂದೆ ನಾಲ್ಕು ಹೆಜ್ಜೆ ಹೋದ. ಧೂಳು ಕುಡಿದು ವಾಪಸು ಬಂದ. ಇನ್ನು ಒಂದು ತಿಂಗಳು. ಫಾರಂನಲ್ಲಿ ಸಾವಿರ, ಟ್ಯಾಂಕಿನಲ್ಲಿ ಆರುನೂರು, ಕೈಯಲ್ಲಿ ಸತ್ಯವನ್ನೇ ಹೇಳುವ ಕೋಲು. ಈ ಸಲ ನೀರು ಹಾಕಿದರೂ ಮೇಡಂ ನಲ್ಲಿ ತಿರುಗಿಸಿ ನೋಡದೆ ಬಿಡುವುದಿಲ್ಲ. ಹೆಂಡತಿ ಪಕ್ಕಕ್ಕೆ ಬಂದು, ನಾಳೆ ಹೋಗಿ ಹೇಳಿ ಬನ್ನಿ, ನಾನೂ ಜೊತೆಗೆ ಬರ್ತೀನಿ ಎಂದು ಮೆಲ್ಲಗೆ ಹೇಳಿದಳು. ಅವನು ಆಗಲಿ ಎಂದ. ಆ ಕ್ಷಣದಲ್ಲಿ ಹಾಗೆಂದೇ ಅವನ ಮನಸ್ಸಿನಲ್ಲೂ ಇತ್ತು.

ಶೆಡ್ಡಿನೊಳಗೆ ಠಣ್ ಎಂದು ಸದ್ದಾಯಿತು. ಭಾಮೈದ ಹೊಸ ಕೋಲನ್ನು ಟ್ಯಾಂಕಿಗೆ ಇಳಿಸಿ ಎತ್ತುತ್ತಿದ್ದ. ಅದೂ ತೊಲೆಗೆ ತಗಲಿತ್ತು. ಅವನು ಗೋಡೆಯ ಮೊಳೆಯಿಂದ ಗರಗಸ ತೆಗೆದುಕೊಂಡು, ಭಾವ ಬೈಯುವ ಮೊದಲೇ ಕೈ ಅಡ್ಡ ಹಿಡಿದ.

"ನನಗೆ ಬುದ್ಧಿ ಬಂದಿದೆ ಭಾವ. ಈ ಸಲ ಮೇಲ್ಗಡೆನೇ ಕುಯ್ತೀನಿ."

ಲೀಟರಣ್ಣ ಕಟ್ಟು ಹಾಕಿಸಿದ ಪತ್ರ ನೋಡಿದ. ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಲಾಗದೆ ಕೋಲಿನ ಬುಡ ನೋಡಿದ.

"ಬೇಡ," ಎಂದ. "ಮೇಲ್ಗಡೆ ಸರ್ಕಾರದ ಮೊಹರಿದೆ. ಕೆಳಗಡೆನೇ ಕುಯ್ಯಿ, ಒಂದು ಗೇಣು."