ಹಾಲನ್ ಮಾಮನ ಕಾರಿನ ಗಾಲಿ

ಪೊಂಗಲ್ ಬರುವ ತೈ ತಿಂಗಳ ಹಿಮ ಬಿದ್ದು ಮೇಲಹಟ್ಟಿಯ ಇಳಿಜಾರೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ಬಿಸಿಲು ತಾಗುವ ಮೊದಲೇ ಟೀ ಗಿಡಗಳಿಗೆ ನೀರು ಹಾಯಿಸದಿದ್ದರೆ ಚಿಗುರೆಲ್ಲ ಸೀದ ಹಪ್ಪಳವಾಗುತ್ತದೆ. ಗಿರಿಧರನ್ ತಲೆಗೆ ಮಫ್ಲರ್ ಸುತ್ತಿಕೊಂಡು, ಕೈಯಲ್ಲಿ ಪೈಪು ಹಿಡಿದು, ಬೆರಳುಗಳು ತನ್ನವೋ ಬೇರೆಯವರವೋ ತಿಳಿಯದಷ್ಟು ಮರಗಟ್ಟಿ ನಿಂತಿದ್ದ. ಆಗ ಮೇಲಿನ ಹಾದಿಯಿಂದ ಪಕ್ಕದ ಮನೆಯ ಸತೀಶ್‌ಕುಮಾರ್ ಕೂಗಿದ.

"ಏ ಗಿರೀ, ಪೈಪು ಬಿಸಾಕು! ದೊಡ್ಡಪ್ಪ ಹೋದ್ರು!"

ಸತೀಶನಿಗೆ ದೊಡ್ಡಪ್ಪನಾದ ಹಾಲನ್ ಗೌಡರು ಗಿರಿಧರನ್‌ಗೆ ತಾಯಿಯ ಅಣ್ಣ. ತೊಡೆಯ ಮೇಲೆ ಕೂರಿಸಿಕೊಂಡು ಕಾರಿನ ಸ್ಟೇರಿಂಗ್ ಹಿಡಿಸಿದ ಮಾಮ. ಅವನಿಗೆ ಅಳು ಬರಬೇಕಾಗಿತ್ತು. ಬಂದದ್ದು ಮಾತ್ರ ಕಾರಿನ ಗಾಲಿಗಳ ನೆನಪು.

ಎಸ್ಟೇಟಿನ ಬಿಳಿ ದೊರೆ ಊರು ಬಿಟ್ಟು ಹೋಗುವಾಗ ಹಾಲನ್ ಮಾಮನ ಅಪ್ಪ ಕೊಂಡಿದ್ದ ಪುಟ್ಟ ಮಾರಿಸ್ ಕಾರು ಅದು. ಮೇಲೆ ಮಡಿಸುವ ಬಟ್ಟೆಯ ಹೊದಿಕೆ, ಮುಂದೆ ಕಪ್ಪೆಗಣ್ಣಿನಂಥ ದೀಪ. ಹೋದ ಮಳೆಗಾಲದಲ್ಲಿ ಮಾಮನಿಗೆ ಲಕ್ವ ಹೊಡೆದು ಒಂದು ಬದಿ ಬಿದ್ದುಹೋದಾಗ, ಹಟ್ಟಿಯವರನ್ನೆಲ್ಲ ಕರೆಸಿ ಹೇಳಿದ್ದರು: "ಎನ್ನ ಹೆಣ ಈ ಕಾರಲ್ಲೇ ಹೋಗ್ಬೇಕು. ಎಂಗ ಅಪ್ಪನ ಕೈಗೆ ಹೆಂಗ್ ಬಂತೋ ಹಂಗೇ ಇರ್ಬೇಕು. ಇದ್ರೆ ಆಮೇಲೆ ಕಾರು ಗಿರಿಗೆ. ಒಂದು ಮೊಳೆ ಆಚೀಚೆ ಆಯ್ತೋ, ಸತೀಶಂಗೆ."

ಗಿರಿಧರನ್ ಹುಟ್ಟಿದಾಗಿನಿಂದ ಆಸೆಪಟ್ಟದ್ದು ಆ ಕಾರೊಂದನ್ನೇ. ಅಲ್ಲಿಯವರೆಗೆ ನೋಡಿಕೊಳ್ಳಲೆಂದು ಮಾಮ ಕೀಲಿ ಕೊಟ್ಟ ದಿನ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದ. ಆದರೆ ಸತೀಶ ದಿನವೂ ಶೆಡ್ಡಿನ ಬಾಗಿಲಿಗೆ ಬಂದು ನಿಲ್ಲತೊಡಗಿದ. "ಈ ತಗಡಿನ ಗಾಲಿ ನೋಡು. ಅಜ್ಜಿಗೆ ಕ್ಯಾನ್ವಾಸ್ ಶೂ ಹಾಕ್ದಂಗಿದೆ. ಸೈಕಲ್ ಚಕ್ರದಂಗಿರೋ ಕಡ್ಡಿ ಗಾಲಿ ಹಾಕ್ಸು. ಊಟಿಯ ಮದುವೆ ಫೋಟೋದವ್ರು ಬಾಡಿಗೆಗೆ ಓಡಿ ಬರ್ತಾರೆ. ಮಲಗಿರೋ ದೊಡ್ಡಪ್ಪ ಎದ್ದು ಬಂದು ನೋಡ್ತಾರಾ?"

ಗಿರಿಧರನ್ ಕೂನೂರಿನ ಮೆಕ್ಯಾನಿಕ್ ಮುರುಗನ್ ಹತ್ತಿರ ಹೋಗಿ ಕಡ್ಡಿ ಗಾಲಿ ಹಾಕಿಸಿಯೇಬಿಟ್ಟ. ಹಾಕಿಸಿ ವಾರವೂ ಆಗಿರಲಿಲ್ಲ. ನಿನ್ನೆ ಮೊದಲ ಸಲ ಫೋಟೋಕ್ಕೆ ಹೋಗಿ ಬಂದಿತ್ತು. ಇವತ್ತು ಮಾಮ ಹೋಗಿಬಿಟ್ಟರು.

"ಅಳ್ಬೇಡ" ಎಂದ ಸತೀಶ, ಹೆಗಲ ಮೇಲೆ ಕೈಯಿಟ್ಟು. ಕೈಯಲ್ಲಿ ದುಃಖವಿತ್ತು, ಕಣ್ಣಲ್ಲಿ ಇರಲಿಲ್ಲ. "ಮಧ್ಯಾಹ್ನಕ್ಕೆ ಸುತ್ತಿನ ಹಟ್ಟಿಯವ್ರೆಲ್ಲ ಬರ್ತಾರೆ. ಕಾರು ಅಂಗಳಕ್ಕೆ ತಂದು ನಿಲ್ಸು. ನಾನೇ ಒರೆಸಿ ಹೂವು ಕಟ್ತೀನಿ."

ಇವನು ಗಾಲಿ ಹಾಕಿಸಲು ಯಾಕೆ ಅಷ್ಟು ಕಾಡಿದ ಎಂಬುದು ಗಿರಿಧರನ್‌ಗೆ ಆಗ ಹೊಳೆಯಿತು. ಅವನು ಕಾರಿನಲ್ಲಿ ಕುಳಿತು ಕೂನೂರಿನ ಕಡೆ ತಿರುಗಿಸಿದ. ಮಾಮನ ಮನೆಯೊಳಗಿನಿಂದ ಹೆಂಗಸರ ಅಳು ತಿರುವು ತಿರುವಿಗೂ ಬೆನ್ನು ಹತ್ತಿ ಬಂತು.

ಮುರುಗನ್ ಹಲ್ಲುಜ್ಜುತ್ತ ಹೊರಗೆ ಬಂದ. "ತಗಡಿನ ಗಾಲಿಯಾ? ನೀವೇ ಬೇಡಾಂತ ಬಿಟ್ಟು ಹೋದ್ರಲ್ಲಾ ಅಣ್ಣಾ!"

"ಎಲ್ಲಿಟ್ಟಿದ್ದೀಯ ಹೇಳು ಮಾರಾಯ, ಹೆಣ ಕಾಯ್ತಾ ಇದೆ!"

ಎರಡು ಗಾಲಿ ಶೆಡ್ಡಿನ ಹಿಂದೆಯೇ ಇದ್ದವು. ಒಂದರಲ್ಲಿ ಕೋಳಿ ಕಾವು ಕೂತಿತ್ತು. ಗಿರಿಧರನ್ ಕೈ ಹಾಕಿದ. ತವರಿಗೆ ಬಂದ ಮಗಳನ್ನು ಹೊರಗೆ ಹಾಕಿದರೆ ಕೂಗುವ ಹಾಗೆ ಕೂಗಿ ಅದು ಮಣಿಕಟ್ಟನ್ನು ಕುಕ್ಕಿತು. ಮೂರನೆಯದರಲ್ಲಿ ಮುರುಗನ್ ಹೆಂಡತಿ ಮಣ್ಣು ತುಂಬಿ ಜೆರೇನಿಯಂ ನೆಟ್ಟಿದ್ದಳು. ಹೂವು ಕಿತ್ತದ್ದಕ್ಕೆ ಆಕೆ ಸತ್ತವರನ್ನೂ ಬದುಕಿದವರನ್ನೂ ಸೇರಿಸಿ ತಮಿಳಿನಲ್ಲಿ ಬೈದಳು.

ನಾಲ್ಕನೆಯದು ಬಸ್ ಸ್ಟ್ಯಾಂಡ್ ಪಕ್ಕದ ವಳ್ಳಿಯ ಟೀ ಅಂಗಡಿಯಲ್ಲಿತ್ತು. ಅಂಗಡಿಯ ದೊಡ್ಡ ಕೊಡೆಗೆ ಅದೇ ಬುಡ. ಗಾಲಿಯ ಒಳಗೆ ಸಿಮೆಂಟ್ ಸುರಿದು, ನಡುವೆ ಕೊಡೆಯ ಕೋಲು ನೆಟ್ಟಿದ್ದರು.

"ಇದ್ನ ಕೊಟ್ರೆ ಮಳೆ ಬಂದಾಗ ನಿಮ್ಮ ಮಾಮ ಬಂದು ಕೊಡೆ ಹಿಡೀತಾರಾ?" ಎಂದಳು ವಳ್ಳಿ.

"ಅವ್ರು ಸತ್ತೋದ್ರು ಅಕ್ಕಾ. ಅವ್ರಿಗೋಸ್ಕರಾನೇ ಬೇಕು."

"ಅಯ್ಯೋ ಪಾಪ. ಮೊದ್ಲು ಟೀ ಕುಡಿ" ಎಂದು ಆಕೆ ಸುತ್ತಿಗೆಯನ್ನೂ ಕೊಟ್ಟಳು. ಗಿರಿಧರನ್ ಸಿಮೆಂಟ್ ಒಡೆಯಲು ಕೂತ. ಬಸ್ಸಿಗೆ ಕಾದವರೆಲ್ಲ ಸುತ್ತ ನಿಂತು ಬುದ್ಧಿ ಹೇಳಿದರು. ಒಬ್ಬ ಬಿಸಿನೀರು ಹಾಕು ಎಂದ, ಇನ್ನೊಬ್ಬ ಆಮ್ಲ ಹಾಕು ಎಂದ. ಮೂರನೆಯವನು ಸುಮ್ಮನೆ ಅವನ ಟೀ ಕುಡಿದು ಹೋದ. ಸುತ್ತಿಗೆ ಎರಡು ಸಲ ಸಿಮೆಂಟಿಗೆ ಬಿದ್ದರೆ ಒಂದು ಸಲ ಹೆಬ್ಬೆರಳಿಗೆ ಬೀಳುತ್ತಿತ್ತು. ಆಗ ಮಾತ್ರ ಅವನು ಬಾಯಿಬಿಟ್ಟು ಅತ್ತ. ನೋಡಿದವರು, ಮಾಮನ ಮೇಲೆ ಎಷ್ಟು ಪ್ರೀತಿ ಎಂದು ತಲೆಯಾಡಿಸಿದರು.

ಮುರುಗನ್ ಕಡ್ಡಿ ಗಾಲಿಯ ಟೈರುಗಳನ್ನು ಬಿಚ್ಚಿ ತಗಡಿನ ಗಾಲಿಗೆ ಏರಿಸಿ, ಬೋಲ್ಟ್ ಬಿಗಿದು, ಕೈ ಒರೆಸಿಕೊಂಡ. "ಕೂಲಿ ಏನೂ ಬೇಡ ಅಣ್ಣಾ. ಈ ಕಡ್ಡಿ ಗಾಲಿ ನನಗೇ ವಾಪಸ್ ಬಿಟ್ಬಿಡಿ. ಲೆಕ್ಕ ತೀರ್ತು."

"ತಗೋ ಮಾರಾಯ. ಅದರ ಮುಖ ನೋಡೋದೂ ಎನಗೆ ಬೇಡ."

ಅವನು ಹಟ್ಟಿಗೆ ಮುಟ್ಟುವ ಹೊತ್ತಿಗೆ ಅಂಗಳದ ತುಂಬ ಬಿಳಿ ಮುಂಡಾಸುಗಳು. ಸತೀಶ ಹೂವಿನ ಸರ ಹಿಡಿದು ಓಡಿ ಬಂದು, ಗಾಲಿ ನೋಡಿ, ಹಿಮ ಹೊಡೆದ ಚಿಗುರಿನ ಹಾಗೆ ಕಪ್ಪಗಾದ. ಹಟ್ಟಿಯ ಹಿರಿಯ ಅರಿ ಗೌಡರು ಕಾರಿನ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದು, "ನಾ ಕಂಡಾಗಿಂದ ಹಿಂಗೇ ಇದೆ" ಎಂದರು. ಸೀಟಿನ ಮೇಲೆ ಹಲಗೆ ಹಾಕಿ ಮಾಮನನ್ನು ಮಲಗಿಸಿದರು. ಗಿರಿಧರನ್ ನಡಿಗೆಯ ವೇಗದಲ್ಲಿ ಕಾರು ಬಿಟ್ಟ. ಮಾಮನ ಹೆಂಡತಿ ರಂಗಿ ಮಾಮಿ ಹೆಂಗಸರ ಗುಂಪಿನ ಕೊನೆಯಲ್ಲಿ ಮುಸುಕು ಹಾಕಿಕೊಂಡು ಬರುತ್ತಿದ್ದರು.

ಸತ್ತವರನ್ನು ಕಳಿಸುವ ಮೊದಲು ಅವರ ಪಾಪಗಳನ್ನು ಕೂಗಿ ಹೇಳುವುದು ಆ ಜನರ ಪದ್ಧತಿ. ಹಿರಿಯರೊಬ್ಬರು ಒಂದೊಂದಾಗಿ ಹೇಳುತ್ತಾರೆ, ಸೇರಿದವರೆಲ್ಲ ಪಾಪ ಎನ್ನುತ್ತಾರೆ. ಅಲ್ಲಿಗೆ ಅದು ಕಳೆಯಿತು. ಮಾಡಿರಲಿ ಬಿಡಲಿ, ಎಲ್ಲರಿಗೂ ಹೇಳುವುದು ಅವೇ ಪಾಪಗಳು. ಮಸಣದ ಅಂಚಿನಲ್ಲಿ ಕಾರು ನಿಂತ ಮೇಲೆ ಅರಿ ಗೌಡರು ದನಿ ಎತ್ತಿದರು.

"ಹರಿಯೋ ಹಾವ ಕೊಂದದ್ದು!"

"ಪಾಪ!"

"ನೆರೆಯವನ ಗಡಿಕಲ್ಲು ಸರಿಸಿದ್ದು!"

"ಪಾಪ!"

ಆಗ ರಂಗಿ ಮಾಮಿ ಮುಂದೆ ಬಂದು ಅರಿ ಗೌಡರ ಕಿವಿಯಲ್ಲಿ ಏನೋ ಹೇಳಿದರು. ಗೌಡರು ಹುಬ್ಬೇರಿಸಿ, ಕೆಮ್ಮಿ, ಮತ್ತೆ ಕೂಗಿದರು.

"ಅಪ್ಪನ ಕಾರಿನ ಕಡ್ಡಿ ಗಾಲಿ ಬಿಚ್ಚಿ, ಕೂನೂರಿನ ಮುರುಗನ ಅಪ್ಪಂಗೆ ಕೊಟ್ಟು, ತಗಡಿನ ಗಾಲಿ ಹಾಕ್ಸಿದ್ದು!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅಭ್ಯಾಸಬಲದಿಂದ, "ಪಾಪ!"

"ಬಂದಂಗೇ ಇದೆ ಅಂತ ಸಾಯೋವರ್ಗೂ ಊರಿಗೆ ಸುಳ್ಳು ಹೇಳಿದ್ದು!"

"ಪಾಪ!" ಈ ಸಲ ಸತೀಶನ ದನಿ ಎಲ್ಲರಿಗಿಂತ ಮೇಲಿತ್ತು.

ಮಾಮಿ ಮುಸುಕು ಸರಿಸಿ ಗಿರಿಧರನ್ ಕಡೆ ತಿರುಗಿದರು. ಅಳುವಿನ ನಡುವೆಯೂ ಮುಖ ಬೆಳಗುತ್ತಿತ್ತು. "ನಿನ್ನೆ ಸಂಜೆ ನೀ ಕಾರಲ್ಲಿ ಹೋಗೋದ್ನ ಕಿಟಕಿಯಿಂದ ಕಂಡ್ರು ಕಣೋ. 'ಗಿರಿ ಅದೇ ಗಾಲಿ ಹುಡುಕಿ ತಂದವ್ನೆ, ಎನ್ನ ಸುಳ್ಳು ನೇರ ಮಾಡ್ದ, ಇನ್ನು ನಾಕು ಜನದ ಮುಂದೆ ಹೇಳಿ ಕಳ್ಸು' ಅಂದ್ರು. ನಗ್ತಾ ನಗ್ತಾ ಕಣ್ಣು ಮುಚ್ಚಿದ್ರು. ಎಲ್ಲಿ, ಆ ಗಾಲಿ ಒಂದ್ಸಲ ಮುಟ್ತೀನಿ."

ಮುಟ್ಟಲು ಬಗ್ಗಿದವರು ಹಾಗೇ ನಿಂತರು. ತಗಡಿನ ಗಾಲಿಯ ಅಂಚಿನಲ್ಲಿ ಸಿಮೆಂಟಿನ ಚೂರು ಇನ್ನೂ ಅಂಟಿಕೊಂಡಿತ್ತು.

ಗಿರಿಧರನ್ ಜನರಿಂದ ದೂರ ಓಡಿ ಮುರುಗನ್‌ಗೆ ಫೋನ್ ಮಾಡಿದ. "ಆ ಕಡ್ಡಿ ಗಾಲಿ ನಿನಗೆ ಎಲ್ಲಿಂದ ಬಂತೋ?"

"ಅಪ್ಪ ಅಟ್ಟದ ಮೇಲೆ ಇಟ್ಟಿದ್ರು ಅಣ್ಣಾ. ಯಾರೋ ಗೌಡ್ರದ್ದು ಅಂತಿದ್ರು. ಈಗ ಊಟಿ ಹೋಟೆಲಿನವ್ರು ತಗೊಂಡೋದ್ರು. ನಡುವೆ ಕುಯ್ದು ಬಲ್ಬು ಕೂರಿಸ್ತಾರಂತೆ, ಚೆನ್ನಾಗಿರ್ತದೆ."

"ಊಟಿ ಹೋಟೆಲಿಗಾ!" ಎಂದು ಗಿರಿಧರನ್ ಕಿರುಚಿದ್ದು ಜನರವರೆಗೂ ಕೇಳಿತು.

ಅವನು ಹಿಂದಿರುಗಿದಾಗ ಮಾಮಿ ಕಾರಿಗೆ ಒರಗಿ ಕುಳಿತಿದ್ದರು. "ಅವ್ರ ಋಣ ನಿನ್ನೆನೇ ತೀರ್ಸಿದ್ದೆ, ಗಿರಿ" ಎಂದರು, ತುಂಬ ಮೆಲ್ಲಗೆ. "ಇವತ್ತು ಯಾಕೋ ಮತ್ತೆ ಹೊತ್ಕೊಂಡೆ?"

ಒಂದು ಮೊಳೆ ಆಚೀಚೆ ಆದರೆ ಎಂಬ ಮಾಮನ ಮಾತು ಕೇಳಿದವರೆಲ್ಲ ಅಲ್ಲೇ ನಿಂತಿದ್ದರು. ಅವನು ಜೇಬಿನಿಂದ ಕೀಲಿ ತೆಗೆದು, ಬಾತ ಹೆಬ್ಬೆರಳಿಗೆ ತಾಗದಂತೆ, ಸತೀಶನ ಅಂಗೈಯಲ್ಲಿ ಇಟ್ಟ.

ಸತೀಶ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಕಾರಿನ ಸುತ್ತ ಒಂದು ಸಲ ಹೋಗಿ ಬಂದು, ಗಿರಿಧರನ್ ಕಿವಿಯ ಹತ್ತಿರ ಬಗ್ಗಿದ.

"ಆ ಹೋಟೆಲ್ ಯಾವ್ದು ಅಂದೆ?"