ಹರಾಜಣ್ಣನ ದವಡೆ

೨೦೨೫ರ ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ೯ ಗಂಟೆ ೧೦ ನಿಮಿಷ. ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಹರಾಜಣ್ಣನ ಕಿವಿಗೆ ಭಾವಮೈದುನ ಒಂದು ಹುಳ ಬಿಟ್ಟ.

"ಭಾವ, ಹಲ್ಲು ಹೋಗಿ ಮೂರು ವರ್ಷ ಆಯ್ತು. ಅಲ್ಲಿ ಮೂಳೆ ಸವೆದಿರುತ್ತೆ. ಸೊಂಟದ ಮೂಳೆ ಕೆತ್ತಿ ದವಡೆಗೆ ತುಂಬ್ತಾರೆ. ಆಮೇಲೆ ನೀವು ಕೂತ್ರೆ ಹಲ್ಲು ನೋಯುತ್ತೆ."

"ನಿನ್ ಬಾಯಿಗೆ ಮಣ್ಣು ಹಾಕ!" ಎಂದು ಹರಾಜಣ್ಣನ ಹೆಂಡತಿ ತಮ್ಮನನ್ನು ಗದರಿದರು.

ಹಳೆಯ ಮೇಜು, ಬೀರುಗಳ ಹರಾಜು ಕೂಗುವುದೇ ಕಸುಬಾಗಿದ್ದರಿಂದ ಹರಾಜಣ್ಣನಿಗೆ ಆ ಹೆಸರು. ನಾನೂರು ಜನರೆದುರು ಅಳುಕದ ಮನುಷ್ಯ ಈಗ ಸೊಂಟ ಸವರಿಕೊಂಡರು. ಮೂಳೆ ಸಾಕಷ್ಟಿದ್ದರೆ ಹೊಸ ಹಲ್ಲಿನ ತಿರುಪನ್ನು ನೇರವಾಗಿ ಕೂರಿಸಬಹುದು. ಇಲ್ಲದಿದ್ದರೆ ಮೊದಲು ಮೂಳೆ ಕಸಿ, ಆಮೇಲೆ ಆರು ತಿಂಗಳು ಕಾಯಬೇಕು. ಎಷ್ಟಿದೆಯೆಂದು ಸಿ.ಟಿ. ಸ್ಕ್ಯಾನ್ ಹೇಳಬೇಕಿತ್ತು.

"ಇಪ್ಪತ್ತು ಸೆಕೆಂಡು ಅಲ್ಲಾಡ್ಬೇಡಿ, ಮಾತಾಡ್ಬೇಡಿ," ಎಂದು ಹೇಳಿ ನರ್ಸ್ ಗುಂಡಿ ಒತ್ತಿದರು. ಯಂತ್ರ ತಲೆಯ ಸುತ್ತ ಅರ್ಧ ಸುತ್ತಿತ್ತು.

ಬಾಗಿಲಾಚೆಯಿಂದ ದನಿ ಬಂತು: "ಭಾವ, ಉಸಿರಾಡ್ತಿದ್ದೀರಾ?"

"ಓ!" ಎಂದರು ಹರಾಜಣ್ಣ.

ಚಿತ್ರದಲ್ಲಿ ಒಂದೇ ಸೀಟಿಗೆ ಜಗಳಾಡುವ ಪ್ರಯಾಣಿಕರಂತೆ ಎರಡೆರಡು ದವಡೆ ಮೂಡಿದವು. ಭಾವಮೈದುನನನ್ನು ರಸ್ತೆಗೆ ಅಟ್ಟಿ ಮತ್ತೊಮ್ಮೆ ಸ್ಕ್ಯಾನ್ ಮಾಡಿದರು.

ಡಾಕ್ಟರಮ್ಮ ಪರದೆಯ ಮೇಲೆ ದವಡೆಯನ್ನು ಬ್ರೆಡ್ಡಿನಂತೆ ಹೋಳು ಹೋಳಾಗಿ ತೋರಿಸಿದರು. "ಈ ಕೆಂಪು ಗೆರೆ ನರ. ಇದನ್ನ ಮುಟ್ಟೋ ಹಾಗಿಲ್ಲ. ಇದರ ಮೇಲಿರೋ ಮೂಳೆ ಹದಿನಾಲ್ಕು ಮಿಲಿಮೀಟರ್. ತಿರುಪು ಹತ್ತೇ. ಧಾರಾಳ!"

ಹರಾಜಣ್ಣ ಎದ್ದು ನಿಂತರು. "ಹದಿನಾಲ್ಕು, ಒಂದು ಸಲ! ಹದಿನಾಲ್ಕು, ಎರಡು ಸಲ!" ಹೊರಗೆ ಕಾಯುತ್ತಿದ್ದವರು ಹಲ್ಲುನೋವು ಮರೆತು ಚಪ್ಪಾಳೆ ತಟ್ಟಿದರು. ಸದ್ದು ಕೇಳಿ ಓಡಿಬಂದ ಭಾವಮೈದುನನಿಗೆ, "ಸವೆದಿರೋದು ನನ್ ಮೂಳೆಯಲ್ಲಪ್ಪಾ, ನಿನ್ ಬುದ್ಧಿ!" ಎಂದರು.

"ಈ ಚಿತ್ರದ ಲೆಕ್ಕದಲ್ಲೇ ಒಂದು ಅಚ್ಚು ಮಾಡಿಸ್ತೀನಿ," ಎಂದರು ಡಾಕ್ಟರಮ್ಮ. "ಅದನ್ನ ಅಕ್ಕಪಕ್ಕದ ಹಲ್ಲಿನ ಮೇಲೆ ಕೂರಿಸಿ, ಅದರ ತೂತಿನಲ್ಲೇ ಡ್ರಿಲ್ ಇಳಿಸೋದು. ಕೂದಲೆಳೆಯಷ್ಟೂ ದಾರಿ ತಪ್ಪಲ್ಲ. ಡ್ರಿಲ್ ಉದ್ದ ಇರುತ್ತೆ, ಬಾಯಿ ನಲವತ್ತು ಮಿಲಿಮೀಟರಾದ್ರೂ ತೆರೀಬೇಕು, ಅಷ್ಟೇ."

"ನನ್ ಬಾಯಿ ಬಗ್ಗೆ ಅನುಮಾನಾನಾ ಡಾಕ್ಟ್ರೇ?" ಹರಾಜಣ್ಣ ಗತ್ತಿನಿಂದ ಬಾಯಿ ತೆರೆದರು. ಡಾಕ್ಟರಮ್ಮ ಮುಂದಿನ ಹಲ್ಲುಗಳ ನಡುವೆ ಅಳತೆಪಟ್ಟಿ ಇಟ್ಟರು.

"ಇನ್ನೂ ತೆರೀರಿ."

"ಇಹೇ ಹೂರಾ!" ಇದೇ ಪೂರಾ ಎಂಬುದು ತೆರೆದ ಬಾಯಿಯಿಂದ ಹಾಗೆ ಹೊರಟಿತು.

ಹೆಂಡತಿ ಬಗ್ಗಿ ನೋಡಿದರು. "ಇಷ್ಟೇನಾ ರೀ? ಇಷ್ಟು ಕಿಂಡಿಯಿಂದ ಇಪ್ಪತ್ತು ವರ್ಷ ಅಷ್ಟೊಂದು ಸದ್ದು ಬಂತಾ?"

"ಒಂದೇ ಕಡೆ ಅಗಿದೂ ಅಗಿದೂ ಸ್ನಾಯು ಬಿಗಿದಿದೆ," ಎಂದರು ಡಾಕ್ಟರಮ್ಮ. "ಮೊನ್ನೆ ಪುಟ್ಟ ಕನ್ನಡಿ ಇಟ್ಟು ನೋಡಿದಾಗ ನನಗೂ ಗೊತ್ತಾಗ್ಲಿಲ್ಲ. ದಿನಾ ಬಾಯಿಗೆ ವ್ಯಾಯಾಮ ಮಾಡಿ, ಆರು ತಿಂಗಳು ಬಿಟ್ಟು ಬನ್ನಿ."

"ಬರ್ತೀನಿ! ಮೂಳೆಯಂತೂ ಹದಿನಾಲ್ಕು!" ಹರಾಜಣ್ಣ ತಲೆಯೆತ್ತಿಕೊಂಡೇ ಹೊರಟರು.

"ಬಾಯಿ ಎಷ್ಟು ಡಾಕ್ಟ್ರೇ?" ಎಂದ ಭಾವಮೈದುನ.

ಡಾಕ್ಟರಮ್ಮ ಅಳತೆಪಟ್ಟಿಯನ್ನು ಬೆಳಕಿಗೆ ಹಿಡಿದು ಓದಿದರು: ಇಪ್ಪತ್ತಾರು ಮಿಲಿಮೀಟರ್.